ಏಳನೆಯ ಪತ್ರಕ್ಕೆ ಉತ್ತರ

ಎಪ್ಪತ್ತರ ದಶಕದಲ್ಲಿ ನಾವು ಡೆಟ್ರಾಯ್ಟಿನಲ್ಲಿ ಸಂಸಾರ ಹೂಡಿದಾಗ ನನ್ನ ಗಂಡನಿಗೆ ಕೆಲಸವಿರಲಿಲ್ಲ. ಬೊಂಬಾಯಿಯ ಸರಕು ಹಡಗಿನಲ್ಲಿ ಸೆಕೆಂಡ್ ಆಫೀಸರ್ ಆಗಿದ್ದವರು. ಇಲ್ಲಿನ ಸರೋವರದ ಹಡಗುಗಳಲ್ಲಿ ಆ ಹುದ್ದೆ ಸಿಟಿಜನ್ನರಿಗೆ ಮಾತ್ರ. ಕಂಡ ಕಂಡ ಆಫೀಸಿಗೆಲ್ಲ ಅರ್ಜಿ ಹಾಕಿ, ದಿನಾ ಟಪಾಲು ಡಬ್ಬಿ ತಡಕಿ ಬರಿಗೈಯಲ್ಲಿ ವಾಪಸು ಬರುತ್ತಿದ್ದರು. ಹತ್ತಿರದ ವಿಕ್ಸಮ್ ಎಂಬ ಊರಿನ ಒಂದು ಗೋದಾಮಿನಲ್ಲಿ ಟ್ರಕ್ಕಿಗೆ ಪೆಟ್ಟಿಗೆ ತುಂಬುವವರು ಬೇಕಾಗಿದ್ದರು. ಆ ಮಾತೆತ್ತಿದರೆ ಮೂಗಿನ ತುದಿಯಲ್ಲೇ ಸಿಟ್ಟು. "ನಾನು ಆಫೀಸರ್ ಕಣೇ," ಅನ್ನುತ್ತಿದ್ದರು.

ನಾನಾಗ ಐದು ತಿಂಗಳ ಬಸುರಿ. ತಿಂಗಳ ಕೊನೆಯೊಳಗೆ ಬಂದರೆ ಹಳೆ ಕೆಲಸ ಕೊಡುತ್ತೇವೆಂದು ಬೊಂಬಾಯಿಯಿಂದ ಕಾಗದ ಬಂದಿತ್ತು. ಹೋದರೆ ಮಗುವಿನ ಮುಖ ನೋಡಲು ವರ್ಷವಾದೀತು. ಹೋಗಬೇಡಿ ಎಂದು ಬಾಯಿಬಿಟ್ಟು ಹೇಳಲು ನನಗೆ ಬಿಗುಮಾನ. "ನಿಮ್ಮಿಷ್ಟ," ಎಂದು ಪಾತ್ರೆ ಕುಕ್ಕುತ್ತಿದ್ದೆ.

ನದಿ ದಂಡೆಯ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹಳೆ ಕಾಗದಗಳನ್ನು ಟೈಪ್ ಮಾಡುವುದು ನನ್ನ ಕೆಲಸ. ಆ ವಾರ ಕೈಗೆ ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಒಂದು ನೋಟ್‌ಬುಕ್ಕು. ಇಂಗ್ಲೆಂಡಿನಿಂದ ಇಲ್ಲಿಗೆ ಬಂದಿದ್ದ, ಇಪ್ಪತ್ತೆರಡು ವಯಸ್ಸಿನ ಹಡಗು ಅಧಿಕಾರಿಯೊಬ್ಬ ಕೆಲಸ ಕೇಳಿ ಹಡಗಿನ ಮಾಲೀಕರಿಗೆ ಬರೆದ ಏಳು ಪತ್ರಗಳ ನಕಲು ಅದರಲ್ಲಿತ್ತು. ಮೊದಲನೆಯದರಲ್ಲಿ ಏನು ಠೀವಿ! ತನ್ನ ಸರ್ಟಿಫಿಕೇಟಂತೆ, ತಾನು ದಾಟಿದ ಸಮುದ್ರಗಳಂತೆ. ಏಳನೆಯದರಲ್ಲಿ ಇಷ್ಟೇ: "ಅಧಿಕಾರಿಯ ಹುದ್ದೆಯೇ ಆಗಬೇಕೆಂದಿಲ್ಲ. ಡೆಕ್ಕು ಉಜ್ಜಲೂ ಸಿದ್ಧನಿದ್ದೇನೆ. ಇಲ್ಲವೆಂದಾದರೂ ಒಂದು ಸಾಲು ಬರೆಯಿರಿ." ಮುಂದಿನ ಹಾಳೆಗಳು ಖಾಲಿ. ಟೈಪ್‌ರೈಟರಿನ ಮುಂದೆಯೇ ನನಗೆ ಅಳು ಬಂತು.

ಆ ಏಳನೆಯ ಪತ್ರದ ಕಾರ್ಬನ್ ಪ್ರತಿಯನ್ನು ಮನೆಗೆ ತಂದು ಗಂಡನ ಕಾಫಿ ಲೋಟದ ಪಕ್ಕ ಇಟ್ಟೆ. ಓದಿದರು.

"ನಂಗೆ ಬುದ್ಧಿ ಹೇಳೋಕೆ ತಂದ್ಯಾ?"

"ಹೂಂ." ಬಿಗುಮಾನವೆಲ್ಲ ಎಲ್ಲಿ ಹೋಯಿತೋ. "ಹೋಗ್ಬೇಡಿ. ಇಲ್ಲಿ ಒಬ್ಳೇ ಹೆರೋಕೆ ನಂಗೆ ಭಯ."

ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡರು. ಮರುದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಹಳೆ ಸ್ವೆಟರ್ ತೊಟ್ಟು ವಿಕ್ಸಮ್ಮಿಗೆ ಹೊರಟರು. ಸಂಜೆ ಬಂದಾಗ ಅಂಗೈ ತುಂಬ ಬೊಬ್ಬೆ.

"ಭಾರದ್ದೆಲ್ಲ ಕೆಳಗೆ, ಹಗುರದ್ದು ಮೇಲೆ. ಹಡಗಿಗೆ ತುಂಬಿಸ್ತಿದ್ದ ಹಾಗೇನೇ. ಸೂಪರ್‌ವೈಸರ್ ನಿಂತ್ಕೊಂಡು ನೋಡಿದ ಕಣೇ," ಎಂದು ಹೇಳಿ ಕೈ ಚಾಚಿದರು. ನಾನು ಕೊಬ್ಬರಿ ಎಣ್ಣೆ ಹಚ್ಚಿದೆ.

"ಆ ಕಾಗದ ಬರೆದ ಹುಡುಗನಿಗೆ ಕೆಲಸ ಸಿಕ್ತಾ?" ಎಂದು ಕೇಳಿದರು.

"ಗೊತ್ತಿಲ್ಲ. ಯಾರೂ ಉತ್ತರ ಬರೆದ ಹಾಗಿಲ್ಲ."

"ಹಾಗಾದ್ರೆ ನಾವೇ ಬರೆಯೋಣ."

ಬೊಬ್ಬೆಯ ಕೈಯಲ್ಲೇ ಪೆನ್ನು ಹಿಡಿದು ಬರೆದರು. "ಪ್ರಿಯ ಮಹಾಶಯ, ನಿಮ್ಮ ಪತ್ರ ತಲುಪಿತು. ಇಷ್ಟು ವರ್ಷ ತಡವಾದದ್ದಕ್ಕೆ ಕ್ಷಮಿಸಿ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಬನ್ನಿ."

ಮರುದಿನ ಯಾರಿಗೂ ಹೇಳದೆ ಅದನ್ನು ನೋಟ್‌ಬುಕ್ಕಿನ ಖಾಲಿ ಹಾಳೆಗಳ ನಡುವೆ ಇಟ್ಟುಬಂದೆ. ಕೊನೆಯಲ್ಲಿ ಅವರ ಸಹಿಯಿತ್ತು. ಸಹಿಯ ಕೆಳಗೆ ದುಂಡಗೆ ಬರೆದಿದ್ದರು: ಸೆಕೆಂಡ್ ಆಫೀಸರ್.