ಇನ್ನೂ ಮಂಕು

ಕಬ್ಬಿಣ ಕತ್ತರಿಸುವ ಕಾರ್ಖಾನೆಯಿಂದ ಸಂಜೆ ಬರುವ ನಮ್ಮ ಭಾವ ಕೈಕಾಲು ತೊಳೆಯುವ ಮೊದಲೇ ಕಂಪ್ಯೂಟರ್ ಹಾಕುತ್ತಾರೆ. ಬೀದಿಯವರ ಬಾಯಲ್ಲಿ ಅವರು ‘ಧಂಧಂ ಮಾಮ’. ಸದ್ದು ಹೊರಗೆ ಹೋಗದಿರಲೆಂದು ಮಂಚದ ಹಾಸಿಗೆಯನ್ನೇ ಗೋಡೆಗೆ ಒರಗಿಸಿದ್ದಾರೆ, ಅಕ್ಕ ಚಾಪೆಯ ಮೇಲೆ ಮಲಗುತ್ತಾಳೆ. ಮೂರು ವರ್ಷದಿಂದ ವಾದ್ಯಗಳ ಸದ್ದು ಏರಿಸಿ ಇಳಿಸಿ ಮಿಕ್ಸ್ ಮಾಡುತ್ತಿರುವುದು ಒಂದೇ ಒಂದು ಕುಣಿತದ ಹಾಡನ್ನು. ಅದರ ಫೈಲಿನ ಹೆಸರು ಮೊದಲು ‘ಫೈನಲ್’ ಇತ್ತು, ಆಮೇಲೆ ‘ಇದೇ ಫೈನಲ್’ ಆಯಿತು, ಈಗ ‘ದೇವರಾಣೆ ಫೈನಲ್’. ಡ್ರಮ್ಮು ಎದೆಗೆ ಗುದ್ದಬೇಕು, ಬೇಸು ಅದಕ್ಕೆ ದಾರಿ ಬಿಡಬೇಕು, ಕಂಚಿನ ತಟ್ಟೆಯ ಸಿಂಬಲ್ ಎಲ್ಲದರ ಮೇಲೆ ಮಿಂಚಬೇಕು ಎಂಬುದು ಅವರ ಪಾಠ. ಕಿವಿ ದಣಿದರೆ ಮಿಕ್ಸ್ ಕೆಡುತ್ತದೆಂದು ಕೈಗಡಿಯಾರದಲ್ಲಿ ಗಂಟೆಗೊಮ್ಮೆ ಬೀಪ್ ಇಟ್ಟುಕೊಂಡಿದ್ದರು. ಅದು ಕೂಗಿದೊಡನೆ ಎಲ್ಲ ನಿಲ್ಲಿಸಿ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಈಚೆಗೆ ವಾರವಾರವೂ ಸಿಂಬಲ್ಲನ್ನೇ ಏರಿಸುತ್ತಿದ್ದಾರೆ, ನಮ್ಮ ಕಿವಿಗದು ಸೂಜಿಯ ಹಾಗೆ ಚುಚ್ಚುತ್ತದೆ. “ಸಿಂಬಲ್ಲು ಇನ್ನೂ ಮಂಕಾಗೇ ಇದೆ ಅಲ್ವೇನೋ?” ಎಂದು ನಿನ್ನೆ ಹಾಡು ನಿಲ್ಲಿಸಿ ನನ್ನನ್ನು ಕೇಳಿದರು. ಅಷ್ಟರಲ್ಲಿ ಅವರ ಕೈಗಡಿಯಾರ ಬೀಪ್ ಎಂದಿತು. ಬಾಗಿಲಲ್ಲಿದ್ದ ಅಕ್ಕ ನನ್ನ ಮುಖ ನೋಡಿದಳು. ಭಾವ ಮಾತ್ರ ಗಡಿಯಾರದತ್ತ ಕಣ್ಣೂ ಹಾಯಿಸದೆ ನನ್ನ ಉತ್ತರಕ್ಕೇ ಕಾಯುತ್ತಿದ್ದರು. “ಹೌದು ಭಾವ, ಒಂಚೂರು ಮಂಕಾಗಿದೆ” ಎಂದೆ.