ಪೀಪಿ ದೊಡ್ಡಪ್ಪನ ಮೂಕ ಪೀಪಿಗಳು

ಆಟಿಕೆ ಅಂಗಡಿಯಾಕೆ ಡಬ್ಬದ ತುಂಬ ಪೀಪಿಗಳನ್ನು ವಾಪಸ್ ತಂದು ಕೆಲಸದ ಮೇಜಿನ ಮೇಲಿಟ್ಟಾಗ ದೊಡ್ಡಪ್ಪನಿಗೆ ಮೊದಲು ಬಂದದ್ದು ನಗು. ಮೀಸೆ ಚಿಗುರುವ ವಯಸ್ಸಿನಿಂದ ಮರದ ಪೀಪಿ ಮಾಡಿಕೊಂಡು ಬಂದವನು ಅವನು. ಅವನ ಕೈ ದಾಟಿ ಹೋದ ಪೀಪಿ ಒಂದೂ ಹೀಗೆ ಬಾಲ ಮುದುರಿಕೊಂಡು ಮನೆಗೆ ಮರಳಿದ್ದಿಲ್ಲ.

"ದೊಡ್ಡಪ್ಪ, ಇದರಲ್ಲಿ ಅರ್ಧಕ್ಕರ್ಧ ಕೂಗೋದೇ ಇಲ್ಲ. ಊದಿದ್ರೆ ಬರೀ ಗಾಳಿ," ಎಂದಳು ಆಕೆ.

"ಮಕ್ಕಳಿಗೆ ಊದೋಕೆ ಬರಲ್ಲ ಕಣಮ್ಮ."

"ನಾನೂ ಊದಿ ನೋಡ್ದೆ."

"ಹಾಗಾದ್ರೆ ನಿನಗೂ ಬರಲ್ಲ."

ಆಕೆ ನಗಲಿಲ್ಲ. ದೊಡ್ಡಪ್ಪನ ಜೊತೆ ಜಗಳಕ್ಕೆ ನಿಂತವಳೂ ಅಲ್ಲ. "ನಿಧಾನಕ್ಕೆ ನೋಡಿ, ಮುಂದಿನ ವಾರ ಬರ್ತೀನಿ. ಹೀಗೇ ಆದ್ರೆ ನಿಮ್ಮ ಪೀಪಿ ಇಡೋದು ನನ್ನ ಕೈಲಾಗಲ್ಲ," ಎಂದು ಮೆಲ್ಲಗೆ ಹೇಳಿ ಹೊರಟಳು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಆ ಪೀಪಿಗಳ ಹುಚ್ಚು ಏನೆಂದು ಕೈಯಲ್ಲಿ ಹಿಡಿದವರಿಗೇ ಗೊತ್ತು. ಹೆಬ್ಬೆರಳಿಗಿಂತ ಗಿಡ್ಡ, ಹಲ್ಲಿಗೆ ತಾಗಿದರೆ ಮೆತ್ತಗೆ, ಮೂಗಿನ ಹತ್ತಿರ ತಂದರೆ ಹೊಸ ಮರದ ವಾಸನೆ. ಪ್ಲಾಸ್ಟಿಕ್ ಪೀಪಿ ಊದುವ ಮಗುವಿಗೆ ಪಕ್ಕದ ಮನೆಯವರು ಬೈಯುತ್ತಾರೆ. ದೊಡ್ಡಪ್ಪನ ಪೀಪಿ ಊದಿದರೆ ಕಿಟಕಿ ತೆಗೆದು ಯಾವ ಹಕ್ಕಿ ಎಂದು ನೋಡುತ್ತಾರೆ. ದನಿ ಅಷ್ಟು ಸಣ್ಣ, ಅಷ್ಟು ಎತ್ತರ. ಆ ಎತ್ತರಕ್ಕೆ ಏರಿಸುವುದರಲ್ಲೇ ಇತ್ತು ಕಷ್ಟವೆಲ್ಲ. ಬೈರಿಗೆಯಿಂದ ತೂತು ಕೊರೆದು, ಒಂದು ತುದಿಗೆ ಮರದ ಬಿರಡೆ ಕೂರಿಸಿ, ಮೇಲೆ ಉಳಿಯಿಂದ ಬಾಯಿ ಕೊಯ್ಯಬೇಕು. ಒಂದು ಕೂದಲೆಳೆ ಹೆಚ್ಚು ಕೊಯ್ದರೆ ಪೀಪಿಗೆ ನೆಗಡಿ, ಕಡಿಮೆ ಕೊಯ್ದರೆ ಗಂಟಲೇ ಇಲ್ಲ.

ಕೊಯ್ದದ್ದು ಸರಿಯೇ ಎಂದು ಹೇಳುವ ಅಧಿಕಾರ ದೊಡ್ಡಮ್ಮನದು. ಮದುವೆಯಾದ ಹೊಸತರಲ್ಲಿ ಇಬ್ಬರೂ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ಅವನು ಅವಳ ಕಿವಿಯ ಪಕ್ಕದಲ್ಲೇ ಊದುವುದು, ಅವಳು ಕಣ್ಣು ಮುಚ್ಚಿ ಕೇಳಿ ತೀರ್ಪು ಕೊಡುವುದು. ನೆಲಕ್ಕೆ ಕೂರಲು ಅವಳ ಮಂಡಿ ಒಪ್ಪದಾದ ಮೇಲೆ ತೀರ್ಪು ಅಡುಗೆಮನೆಗೆ ವರ್ಗವಾಯಿತು. ನಡುವೆ ಇರುವುದು ಹಲಗೆ ಗೋಡೆ, ಅದರಲ್ಲೊಂದು ಸಣ್ಣ ಕಿಟಕಿ. ಇವನು ಊದುತ್ತಾನೆ, ಅವಳು ಸೌಟಿನ ಹಿಡಿಯಿಂದ ಹಲಗೆಗೆ ಒಂದು ಸಲ ತಟ್ಟಿದರೆ ಪಾಸು, ಎರಡು ಸಲ ತಟ್ಟಿದರೆ ಮತ್ತೆ ಉಳಿ ಹಿಡಿಯಬೇಕು.

ಈಗ ದೊಡ್ಡಪ್ಪನ ಗುಟ್ಟು ಹೇಳಿಬಿಡುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ತನ್ನ ಪೀಪಿಯ ದನಿ ಅವನಿಗೇ ಕೇಳಿಸುತ್ತಿರಲಿಲ್ಲ. ಮಾತು ಕೇಳಿಸುತ್ತದೆ, ಬಾಗಿಲು ಬಡಿದದ್ದು ಕೇಳಿಸುತ್ತದೆ, ಸೌಟಿನ ತಟ್ಟು ಖಂಡಿತ ಕೇಳಿಸುತ್ತದೆ. ಪೀಪಿ ಬಾಯಿಗಿಟ್ಟರೆ ಮಾತ್ರ, ಅದರ ಎತ್ತರದ ದನಿಗೆ ಕಿವಿ ಸೊನ್ನೆ. ಮೊದಲು ಹೆದರಿದ. ಆಮೇಲೆ, ಕೇಳುವವಳು ಅವಳಿರುವಾಗ ತನಗೇಕೆ ಚಿಂತೆ ಎಂದು ಬಾಯಿಗೆ ಬೀಗ ಹಾಕಿಕೊಂಡ. ಪೀಪಿ ಮಾಡುವವನಿಗೆ ಪೀಪಿ ಕೇಳಿಸದು ಎಂದು ಯಾರ ಹತ್ತಿರ ಹೇಳುವುದು? ನಾಚಿಕೆಗೇಡು.

ಆದ್ದರಿಂದಲೇ ಈಗ ಅವನ ತಲೆ ಗಿರ್ರೆಂದದ್ದು. ಡಬ್ಬದಲ್ಲಿದ್ದ ಒಂದೊಂದಕ್ಕೂ ದೊಡ್ಡಮ್ಮ ತಟ್ಟಿದ್ದಾಳೆ. ಅವಳು ತಟ್ಟಿದ ಪೀಪಿ ಮೂಕವಾಗುವುದು ಹೇಗೆ? ಮರ ಒಣಗಿರಲಿಲ್ಲವೇನೋ ಎಂದು ಮರವನ್ನು ಬೈದ. ಬಿರಡೆ ಜರುಗಿತೇನೋ ಎಂದು ಅಂಟನ್ನು ಬೈದ. ಅಂಗಡಿಯಾಕೆಯೇ ಬಾಯಿಗೆ ಮೇಣ ತುಂಬಿ ತಂದಳೇನೋ ಎಂದು ಅನುಮಾನಿಸಿ, ಸೂಜಿ ಹಾಕಿ ಕೆದಕಿ ನೋಡಿ, ತನ್ನ ಬುದ್ಧಿಗೆ ತಾನೇ ಹೇಸಿಕೊಂಡ. ಬೇರೆ ಮರ ತಂದು ಹೊಸದಾಗಿ ಒಂದಿಷ್ಟು ಕೊರೆದು ಊದಿದ. ಎಲ್ಲದಕ್ಕೂ ಒಂದೊಂದೇ ತಟ್ಟು. ಎಷ್ಟೋ ಕಾಲದಿಂದ ಒಂದಕ್ಕೂ ಎರಡು ತಟ್ಟಿಲ್ಲ ಎನ್ನುವುದು ಆಗ ಹೊಳೆಯಿತು. ಕೈ ಅಷ್ಟು ಪಳಗಿತೇ? ಹಿಗ್ಗಬೇಕೋ ಹೆದರಬೇಕೋ ತಿಳಿಯದೆ ತಲೆ ಕೆರೆದುಕೊಂಡು ಕೂತ.

ಹೇಳಿದ ಹಾಗೆ ಅಂಗಡಿಯಾಕೆ ಬಂದಳು. ದೊಡ್ಡಮ್ಮನೂ ಸೆರಗಿಗೆ ಕೈ ಒರೆಸುತ್ತ ಬಂದು ಗಂಡನ ಪಕ್ಕ ಕುರ್ಚಿಯಲ್ಲಿ ಕೂತಳು. ಅಂಗಡಿಯಾಕೆ ಹೊಸ ಪೀಪಿಗಳಲ್ಲಿ ಒಂದನ್ನು ತೆಗೆದು ಕೆನ್ನೆ ಉಬ್ಬಿಸಿ ಜೋರಾಗಿ ಊದಿ, "ಹೇಗಿದೆ?" ಎಂದಳು.

ದೊಡ್ಡಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಅವನ ಮುಖ ನೋಡಿದಳು. ಇಬ್ಬರೂ ಒಂದೇ ಬಾಯಲ್ಲಿ, "ಚೆನ್ನಾಗಿದೆ," ಎಂದರು.

ಅಂಗಡಿಯಾಕೆ ಪೀಪಿಯನ್ನು ಕೆಳಗಿಟ್ಟಳು. "ದೊಡ್ಡಪ್ಪ, ಇದು ಕೂಗ್ಲೇ ಇಲ್ಲ," ಎಂದಳು. ಹೇಳಿದ್ದಕ್ಕೆ ತಾನೇ ಪೇಚಾಡಿಕೊಂಡು, ಮತ್ತೆ ಬರುತ್ತೇನೆಂದು ಏನೋ ನೆಪ ಹೇಳಿ ಎದ್ದು ಹೋದಳು.

ಬಾಗಿಲು ಮುಚ್ಚಿದ ಮೇಲೆ ದೊಡ್ಡಪ್ಪ ಆ ಪೀಪಿಯನ್ನು ಹೆಂಡತಿಯ ಮುಂದೆ ಸರಿಸಿದ.

"ನಿನಗೆ ಕೇಳಿಸಲ್ವಾ?"

"ನಿಮಗೆ?"

"ನಾನು ಮೊದಲು ಕೇಳಿದ್ದು."

"ನನಗೆ ಯಾವಾಗಲೋ ಹೋಯ್ತು ರೀ," ಎಂದಳು ದೊಡ್ಡಮ್ಮ. "ಊದಿದ ಮೇಲೆ ನೀವು ನಗ್ತಿದ್ರಿ. ಅದನ್ನ ಕಿಟಕೀಲಿ ನೋಡಿ ತಟ್ತಿದ್ದೆ."

"ನಗದೆ ಏನು ಮಾಡ್ಲಿ? ನೀನು ತಟ್ತೀಯ ಅಂತ ಗೊತ್ತಿತ್ತಲ್ಲ!"

ಅವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಮೋಸ ಮಾಡಿದವಳು ಅವಳು ಎನ್ನೋಣವೆಂದರೆ ತಾನೂ ಅದನ್ನೇ ಮಾಡಿದ್ದ. ಅವಳ ಕಿವಿಯ ಪಕ್ಕದಲ್ಲಿ ಅಷ್ಟು ವರ್ಷ ಊದಿದವನೂ ತಾನೇ. ಊರ ಮಕ್ಕಳೆಲ್ಲ ಕುಣಿದ ಆ ದನಿಗೆ ಬೆಲೆ ತೆತ್ತವಳು ಇಲ್ಲಿ ಕೂತಿದ್ದಾಳೆ. ಕ್ಷಮಿಸು ಎನ್ನಬೇಕೆಂದುಕೊಂಡವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಹಾಗಾದ್ರೆ ಈ ಬೀದಿಯ ಗುಬ್ಬಿಗಳು... ದನಿಯೇ ಇಲ್ಲ, ಎಲ್ಲಾ ಹೊರಟುಹೋದ್ವು ಅಂದ್ಕೊಂಡಿದ್ದೆ ನಾನು."

"ಎಲ್ಲಿಗೆ ಹೋಗ್ತಾವೆ? ದಿನಾ ಹಿತ್ತಲಲ್ಲಿ ಕಾಳು ಹಾಕ್ತೀನಿ. ಬರ್ತಾವೆ. ಕೊಕ್ಕು ಅಲ್ಲಾಡ್ಸ್ತಾವೆ," ಎಂದು ದೊಡ್ಡಮ್ಮ ಎದ್ದು ಒಳಗೆ ಹೋದಳು.

ದೊಡ್ಡಪ್ಪನಿಗೆ ಅಳು ಬಂತು, ಅತ್ತ. ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ಪೀಪಿ ಮಾಡುವ ಹಾಗಿಲ್ಲ, ಮಾಡದೆ ಇರಲು ಬರುವುದಿಲ್ಲ. ಮೂಲೆಯಲ್ಲಿ ಮುರಿದ ಮಂಚದ ಕಾಲೊಂದು ಬಿದ್ದಿತ್ತು. ಅದನ್ನೆತ್ತಿ, ಇದ್ದುದರಲ್ಲೇ ದಪ್ಪ ಬೈರಿಗೆ ಹಿಡಿದು ಕೊರೆಯತೊಡಗಿದ. ಮೊಳದುದ್ದದ ಪೀಪಿಯನ್ನು ಯಾವ ಮಗು ತಾನೇ ಎತ್ತೀತು, ಯಾವ ಅಂಗಡಿಯವರು ತಾನೇ ಇಟ್ಟುಕೊಂಡಾರು? ಆದರೂ ಹಲವು ದಿನ ಕೊರೆದ, ಕೆತ್ತಿದ, ಪಾಲಿಶ್ ಪೇಪರಿನಿಂದ ಉಜ್ಜಿದ. ಗಂಡ ಹೆಂಡತಿ ನಡುವೆ ಆ ದಿನಗಳಲ್ಲಿ ಊಟಕ್ಕೆ ಬನ್ನಿ, ಬಂದೆ ಎನ್ನುವಷ್ಟೇ ಮಾತು.

ಕೊನೆಗೆ ಒಂದು ಮಧ್ಯಾಹ್ನ ಬಾಯಿ ಕೊಯ್ದು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಸೇರಿಸಿ ಊದಿದ. ಗುಂಯ್ ಎನ್ನುವ ದಪ್ಪ ದನಿಗೆ ಕೋಣೆಯೇ ನಡುಗಿತು. ದನಿ ತನ್ನ ಪೀಪಿಯದೋ ಹೊರಗೆ ಹೋದ ಲಾರಿಯದೋ ಎಂದು ಗೊತ್ತಾಗದೆ ಬಾಗಿಲ ಕಡೆ ನೋಡಿದ. ಅನುಮಾನಕ್ಕೆ ಮತ್ತೊಮ್ಮೆ ಊದಿದ.

ಅಡುಗೆಮನೆಯಿಂದ ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಧುಮುಧುಮು ಬಂದಳು. ಮುಖ ಕೆಂಪಾಗಿತ್ತು.

"ಏನ್ರೀ ಇದು ದರಿದ್ರ ಸದ್ದು! ಎಮ್ಮೆಗೆ ಹೊಟ್ಟೆನೋವು ಬಂದ ಹಾಗೆ! ಕೊನೇಲಿ ದನಿ ಒಡೀತಿದೆ, ಬಾಯಿ ಸರಿಯಾಗಿ ಕೊಯ್ದಿಲ್ಲ ನೀವು. ಇದನ್ನೂ ಒಂದು ಪೀಪಿ ಅಂತಾರಾ?"

ಅವಳು ಇನ್ನೂ ಬೈಯುವವಳಿದ್ದಳು. ಗಂಡನ ಮುಖ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ದೊಡ್ಡಪ್ಪ ಅಷ್ಟುದ್ದದ ಪೀಪಿಯನ್ನು ಕೂಸಿನ ಹಾಗೆ ಎದೆಗವಚಿಕೊಂಡು, ಒದ್ದೆ ಕಣ್ಣಲ್ಲಿ ಅವಳನ್ನೇ ನೋಡುತ್ತಿದ್ದ.

"ಎಲ್ಲಿ ಒಡೀತಿದೆ ಅಂದೆ?" ಎಂದ. "ಇನ್ನೊಂದ್ಸಲ ಹೇಳು."