ಪಿಟೀಲಕ್ಕನ ಪರೀಕ್ಷೆ

ನೃತ್ಯಶಾಲೆಯಲ್ಲಿ ಅವಳನ್ನು ಎಲ್ಲರೂ ಪಿಟೀಲಕ್ಕ ಎನ್ನುತ್ತಿದ್ದರು. ಕಿಟಕಿ ಪಕ್ಕದ ಕುಂಟು ಸ್ಟೂಲಿನ ಮೇಲೆ ಕೂತು ಇಪ್ಪತ್ತನಾಲ್ಕು ವರ್ಷ ಮಕ್ಕಳ ಹೆಜ್ಜೆಗೆ ಪಿಟೀಲು ನುಡಿಸಿದವಳು. ನುಡಿಸುವಾಗ ಅವಳ ಕಣ್ಣು ಮಕ್ಕಳ ಹಿಮ್ಮಡಿಯ ಮೇಲೇ ಇರುತ್ತಿತ್ತು. ಯಾವ ಕಾಲು ತಡವರಿಸುತ್ತದೆಂದು ಮೊದಲೇ ಗೊತ್ತಾಗಿ, ಕಮಾನನ್ನು ಅರೆಗಳಿಗೆ ಎಳೆದು ಹಿಡಿಯುತ್ತಿದ್ದಳು. ನುಡಿಸಿದ್ದು ಯಾವ ರಾಗ ಎಂದು ಯಾರಾದರೂ ಕೇಳಿದರೆ, "ಅದರ ಜಾತಕ ನನ್ನ ಹತ್ರ ಇಲ್ಲಪ್ಪ" ಎಂದು ನಗುತ್ತಿದ್ದಳು.

ಜಾತಕವೆಲ್ಲ ಅಣ್ಣನ ಹತ್ತಿರವಿತ್ತು. ಚಿಕ್ಕಂದಿನಲ್ಲಿ ಅಪ್ಪ ಪಿಟೀಲು ಮೇಷ್ಟ್ರನ್ನು ಗೊತ್ತುಮಾಡಿದ್ದು ಅಣ್ಣನಿಗೆ ಮಾತ್ರ. ಇವಳು ಪಕ್ಕದ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡು, ಅಣ್ಣ ಆಡಲು ಹೋದಾಗ ಪಿಟೀಲು ತೆಗೆಯುತ್ತಿದ್ದಳು. ಒಮ್ಮೆ ಮೇಷ್ಟ್ರ ಕಣ್ಣಿಗೆ ಬಿದ್ದಳು. "ಕೈ ಇರೋದು ಇವಳಿಗೆ ಸ್ವಾಮಿ" ಎಂದರು ಅವರು.

"ಇರಲಿ ಬಿಡಿ. ನೀವು ಅವನಿಗೆ ಕಲಿಸಿ, ಸಾಕು" ಎಂದರು ಅಪ್ಪ.

ಅಣ್ಣ ಶಾಸ್ತ್ರ ಓದಿ ಸಂಗೀತ ಕಾಲೇಜಿನಲ್ಲಿ ಪ್ರೊಫೆಸರಾದ. ಅವನ ಕಮಾನು ಮಾತ್ರ ಆಮೇಲೂ ಕರಕರ ಎನ್ನುತ್ತಿತ್ತು. ರಜೆಗೆ ಬಂದಾಗ "ಹೊಸದೇನು ಮಾಡಿದೀಯ, ನುಡಿಸೇ" ಎಂದು ಎದುರು ಕೂತು ಏನೇನೋ ಗೀಚಿಕೊಳ್ಳುತ್ತಿದ್ದ. ಓದಿದ ಅಣ್ಣ ನನ್ನದನ್ನು ಕೇಳುತ್ತಾನಲ್ಲ ಎಂದು ಅವಳು ಹಿಗ್ಗಿ ಹೀರೇಕಾಯಿಯಾಗುತ್ತಿದ್ದಳು.

ಅವಳಿಗೆ ಐವತ್ತೊಂದಾದಾಗ ಶಾಲೆಯ ಆಡಳಿತ ಬದಲಾಯಿತು. ಪ್ರಮಾಣಪತ್ರ ಇಲ್ಲದವರು ಪಕ್ಕವಾದ್ಯಕ್ಕೆ ಕೂರುವಂತಿಲ್ಲ ಎಂದರು. ಪರೀಕ್ಷೆಗೆ ಹೋದಳು. ಅವಳು ನುಡಿಸಿದಾಗ ಮೂವರು ಪರೀಕ್ಷಕರೂ ಪೆನ್ನು ಕೆಳಗಿಟ್ಟು ಕೇಳಿದರು. ಆಮೇಲೆ ಒಬ್ಬರು ಪಠ್ಯಪುಸ್ತಕ ತೆರೆದು ಮುಂದಿಟ್ಟರು.

"ಇದನ್ನ ನೋಡಿ ನುಡಿಸಿ."

"ಸ್ವರಲಿಪಿ ಓದೋಕೆ ಬರಲ್ಲ ಸಾರ್."

ಅವರು ಮೊದಲ ಸಾಲು ಗುನುಗಿದರು. ಅದು ಅವಳೇ ಕಟ್ಟಿದ್ದು.

"ನಡುವೆ ಇಲ್ಲಿ ನಿಲ್ಲುತ್ತಲ್ಲ, ಯಾಕೆ ಹೇಳಿ?"

"ಒಬ್ಬ ಹುಡುಗಿಗೆ ಎಡಗಾಲಲ್ಲಿ ಶಕ್ತಿ ಇರಲಿಲ್ಲ. ತಿರುಗೋಕೆ ಅವಳಿಗೆ ಅಷ್ಟು ಹೊತ್ತು ಬೇಕಾಗಿತ್ತು."

ಮೂವರೂ ಮುಖ ಮುಖ ನೋಡಿಕೊಂಡರು. ಪುಸ್ತಕದಲ್ಲಿ ಆ ನಿಲುಗಡೆಗೆ ಒಂದು ಪುಟದ ವಿವರಣೆಯಿತ್ತು, ಹುಡುಗಿ ಇರಲಿಲ್ಲ. ರಚನೆ ಎಂಬಲ್ಲಿ ಅಣ್ಣನ ಹೆಸರಿತ್ತು. ಶಾಸ್ತ್ರದಲ್ಲಿ ಅವಳಿಗೆ ಸೊನ್ನೆ ಬಂತು.

ಸೀದಾ ಅಣ್ಣನ ಮನೆಗೆ ಹೋದಳು.

"ಅದು ನಂದು ಅಣ್ಣ."

"ನಾನು ಬರೆದಿಡದಿದ್ರೆ ಗಾಳೀಲಿ ಹೋಗ್ತಿತ್ತು ಕಣೇ. ನಿಂಗೆ ಬರೆಯೋಕೆ ಎಲ್ಲಿ ಬರ್ತಿತ್ತು?"

"ಮೂವತ್ತು ವರ್ಷ ನಿನ್ನೆದುರೇ ಕೂತಿದ್ದೆ. ಒಂದಿನ ಕಲಿಸಬಹುದಿತ್ತು."

ಅಣ್ಣ ಕನ್ನಡಕ ಒರೆಸತೊಡಗಿದ. ಒರೆಸುತ್ತಲೇ ಇದ್ದ.

ಕೆಲಸ ಹೋಯಿತು. ಹಠಕ್ಕೆ ಬಿದ್ದು, ಮಕ್ಕಳ ಪುಸ್ತಕ ಇಟ್ಟುಕೊಂಡು, ಒಂದು ವರ್ಷದಲ್ಲಿ ಸ್ವರಲಿಪಿ ಕಲಿತಳು. ಕಲಿತ ಮೇಲೆ ಗೊತ್ತಾಯಿತು, ಅದೇನು ಬ್ರಹ್ಮವಿದ್ಯೆಯಲ್ಲ. ಹತ್ತು ವರ್ಷದ ಹುಡುಗಿಗೆ ಒಂದು ಬೇಸಿಗೆ ರಜೆಯಲ್ಲಿ ಹೇಳಿಕೊಡಬಹುದಿತ್ತು. ಹೊಟ್ಟೆ ಉರಿದದ್ದು ಅದಕ್ಕೇ. ಅಣ್ಣನ ಪುಸ್ತಕದಲ್ಲಿ ಸೇರದೆ ಉಳಿದ ತನ್ನ ಹದಿನೆಂಟು ರಚನೆಗಳನ್ನು ದುಂಡಗೆ ಬರೆದು, ಕೆಳಗೆ ತನ್ನ ಹೆಸರು ಹಾಕಿ, ಒಬ್ಬ ಪ್ರಕಾಶಕರಿಗೆ ಕಳಿಸಿದಳು.

ಮೂರು ತಿಂಗಳಿಗೆ ಕಟ್ಟು ವಾಪಸು ಬಂತು. ಜೊತೆಗೊಂದು ಚೀಟಿ: ‘ಬರವಣಿಗೆ ಶುದ್ಧವಾಗಿದೆ. ಆದರೆ ಎಲ್ಲವೂ ಪ್ರೊಫೆಸರರ ಶೈಲಿಯ ನಕಲು. ಸ್ವಂತದ್ದೇನಾದರೂ ಇದ್ದರೆ ಕಳಿಸಿ.’

ಬಾಗಿಲಲ್ಲಿ ನಿಂತೇ ಎರಡು ಸಲ ಓದಿದಳು. ಈಗ ಅವಳು ಪಿಟೀಲು ಮುಟ್ಟುವುದಿಲ್ಲ. ಕೇಳಿದವರಿಗೆ ಬೆರಳು ನೋವು ಎನ್ನುತ್ತಾಳೆ.